ನಂಜೇರಿತಾ? ಮೊದಲು ಉಸಿರು ಎಣಿಸಿ

ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ತೋಟದ ಕೆಲಸ ಮುಗಿಸಿ ಬಂದವರ ಕಾಲು ನೋಡಿ. ಜಿಗಣೆ ಕಚ್ಚಿದ ಜಾಗ ಕೆರೆದು ಹುಣ್ಣಾಗಿರುತ್ತದೆ. ಕಾಡು ಕಡಿಯುವಾಗ ಕತ್ತಿ ತಾಗಿದ ಗಾಯಕ್ಕೆ ಕಾಫಿಪುಡಿ ಮೆತ್ತಿರುತ್ತಾರೆ. ರಕ್ತವೇನೋ ನಿಂತೀತು, ಆದರೆ ಕೊಳೆಯೂ ಒಳಗೇ ಉಳಿಯುತ್ತದೆ. ಕಾಫಿ ಕುಡಿಯೋದಕ್ಕಿರಲಿ. ಗಾಯವನ್ನು ನೀರು, ಸೋಪಿನಲ್ಲಿ ತೊಳೆದು ಒಣ ಬಟ್ಟೆ ಕಟ್ಟಿ. ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಮಾರನೇ ದಿನ ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ ಅದರ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು, ಕೆಂಪು ಎಷ್ಟು ಹರಡಿತು ಅಂತ ತಿಳಿಯಲು ಪಕ್ಕದಲ್ಲೇ ಗಂಟೆ ಬರೆದು, ಡಾಕ್ಟರಿಗೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಅಷ್ಟು ಕಾಣುವುದಿಲ್ಲ, ಮುಟ್ಟಿ ನೋಡಬೇಕು.

ಸೋಂಕಿನ ಮೇಲೆ ಹೋರಾಡಲು ಹೊರಟ ದೇಹ ತನ್ನದೇ ಕಿಡ್ನಿ, ಶ್ವಾಸಕೋಶಕ್ಕೆ ಏಟು ಕೊಡಲು ಶುರುಮಾಡಿದರೆ ಅದು ಸೆಪ್ಸಿಸ್, ನಾವು ನಂಜೇರಿತು ಅನ್ನುವುದು ಇದನ್ನೇ. ಗಾಯವೇ ಬೇಕೆಂದಿಲ್ಲ. ನ್ಯುಮೋನಿಯಾ, ಮೂತ್ರದ ಸೋಂಕು, ಗದ್ದೆ ನೀರಿನಿಂದ ಹತ್ತುವ ಇಲಿಜ್ವರವೂ ಅಲ್ಲಿಗೆ ಮುಟ್ಟಬಹುದು.

"ಜ್ವರ ಇಲ್ವಲ್ಲ, ಸುಮ್ನೆ ಮಲಗಲಿ" ಅಂತ ಬಿಟ್ಟೇ ನಾವು ಮೋಸ ಹೋಗುವುದು. ವಯಸ್ಸಾದವರಿಗೆ ಜ್ವರವೇ ಬರದಿರಬಹುದು, ಮೈ ತಣ್ಣಗೂ ಆಗಬಹುದು. ನಾನಂತೂ ಥರ್ಮಾಮೀಟರಿಗಿಂತ ಗಡಿಯಾರವನ್ನು ಜಾಸ್ತಿ ನಂಬುತ್ತೇನೆ. ಮಲಗಿದವರ ಕಂಬಳಿ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಏರಿ ಇಳಿದರೆ ಒಂದು ಉಸಿರು. ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ಮಲಗಿರುವ ದೊಡ್ಡವರಲ್ಲಿ ಅದು 12ರಿಂದ 20 ಇರಬೇಕು. 22 ಮುಟ್ಟಿತೋ, ಎಚ್ಚರ. ಮಾತಾಡಿಸಿ. "ಅಜ್ಜಾ, ಇವತ್ತು ಯಾವ ವಾರ?" ಅಂದರೆ ತೀರಿಹೋದ ತಮ್ಮನನ್ನು ಕರೆಯುತ್ತಿದ್ದಾರಾ? ಬೆಳಗಿನಿಂದ ಮೂತ್ರ ಹೋಗಿಲ್ವಾ? ಬೆರಳ ತುದಿ ತಣ್ಣಗೆ, ನೀಲಿಯಾಗಿದೆಯಾ? ಸೋಂಕಿನ ಜೊತೆ ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಬಿಪಿ ಕುಸಿದ ಸೆಪ್ಸಿಸ್ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು. ನಮಗೆ ಲೈನ್‌ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ಟಾರು ರಸ್ತೆಗೆ ಇಳಿಯಲಿಕ್ಕೇ ಅರ್ಧ ಗಂಟೆ ಹೋಗುತ್ತದೆ, ಅಲ್ವಾ? ದಾರಿಗೆ ಮರ ಬಿದ್ದು ನೆಟ್‌ವರ್ಕೂ ಹೋದರೆ ಮುಗಿಯಿತು. ಸಂಜೆ ಅನುಮಾನ ಬಂದರೆ ಸಂಜೆಯೇ ಹೊರಡಿ. ಆಂಬುಲೆನ್ಸ್ ತಡವಾದರೆ ತೋಟದ ಜೀಪಾದರೂ ಸರಿ.

ಮಂಕಾಗಿರುವವರ ಬಾಯಿಗೆ ಗಂಜಿ, ನೀರು ಹಾಕಬೇಡಿ. ಹಿಂದಿನ ಸಲ ಉಳಿದ ಆ್ಯಂಟಿಬಯೋಟಿಕ್ ನುಂಗಿಸಬೇಡಿ. ದಿನಾ ತಗೊಳ್ಳುವ ಮಾತ್ರೆಗಳನ್ನು ಚೀಟಿ ಸಮೇತ ಒಂದು ಕವರಿಗೆ ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ಬರೀ "ಹುಷಾರಿಲ್ಲ" ಅನ್ನಬೇಡಿ. "ಉಸಿರು ನಿಮಿಷಕ್ಕೆ 28 ಇದೆ, ಬೆಳಗ್ಗೆಯಿಂದ ಏನೇನೋ ಮಾತಾಡ್ತಿದ್ದಾರೆ, ಸೆಪ್ಸಿಸ್ ಇರಬಹುದಾ ಡಾಕ್ಟ್ರೇ?" ಅಂತ ಕೇಳಿ. ಯಾವ ರೋಗಾಣು ಅಂತ ತಿಳಿಯುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಡ್ರಿಪ್ ಹಾಕಿ, ನರಕ್ಕೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಕಾಲಿನ ಪೆನ್ ಗೆರೆಯನ್ನು ಒರೆಸಬೇಡಿ, ಅದನ್ನೂ ತೋರಿಸಿ.