ಪಾತ್ರಗಳು ಸೈನ್ಯಕ್ಕೆ ಸೇರಿದರೆ ಎಲ್ಲರಿಗೂ ಒಂದೇ ಡೇರೆ ಕೊಡಿ
ಪ್ರತಿಯೊಬ್ಬರೂ ಒಂದೊಂದು ಕಾಲ್ಪನಿಕ ಪಾತ್ರವಾಗಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟದಲ್ಲಿ ಆಟಗಾರರ ಪಾತ್ರಗಳು ಸೈನ್ಯಕ್ಕೆ ಸೇರುವುದಾದರೆ, ಅವರೆಲ್ಲರನ್ನೂ ಒಂದೇ ಡೇರೆಯ ತುಕಡಿಯಾಗಿ ಇರಿಸಿ, ಮೇಲಧಿಕಾರಿಯ ಆಜ್ಞೆಯಲ್ಲಿ ಗುರಿಯನ್ನೂ ಗಡುವನ್ನೂ ಮಾತ್ರ ಹೇಳಿಸಿ; ದಾರಿಯನ್ನು ಅವರೇ ಆರಿಸಿಕೊಳ್ಳಲಿ. ಹೀಗೆ ಮಾಡಿದರೆ ಶಿಸ್ತು ಹೊರಗಿನ ಚೌಕಟ್ಟಾಗಿ ಉಳಿದು, ಆಟಗಾರರ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದಿಲ್ಲ. ಪ್ರಾಚೀನ ರೋಮಿನ ದೊಡ್ಡ ಸೇನಾದಳವಾದ ಲೀಜನ್ನಿನಲ್ಲಿ 8 ಸೈನಿಕರು ಒಂದು ಡೇರೆಯನ್ನು ಹಂಚಿಕೊಂಡು, ತಮ್ಮ ಪಾಲಿನ ಧಾನ್ಯವನ್ನು ಒಂದೇ ಬೀಸುಕಲ್ಲಿನಲ್ಲಿ ಬೀಸಿಕೊಂಡು ಒಟ್ಟಿಗೆ ಉಣ್ಣುತ್ತಿದ್ದರು. ಇಂಥ ಹತ್ತು ಡೇರೆಗಳು ಸೇರಿದರೆ ‘ಸೆಂಚುರಿ’ ಎಂಬ 80 ಜನರ ಒಂದು ದಳ. ನಾಲ್ಕೈದು ಆಟಗಾರರ ಗುಂಪು ಎಂಟು ಜನರ ಡೇರೆಯ ಅಳತೆಗೆ ಚೆನ್ನಾಗಿ ಹೊಂದುತ್ತದೆ, ಉಳಿದ ಜಾಗಗಳನ್ನು ಆಟ ನಡೆಸುವವರು ತಮ್ಮ ಪಾತ್ರಗಳಿಂದ ತುಂಬಬಹುದು. ಬೀಸುವ ಸರದಿಗಾಗಿ ರಾತ್ರಿ ಜಗಳವಾಡಿದ ಜೊತೆಗಾರ ಬೆಳಗಿನ ಕಾವಲಿನಲ್ಲಿ ಸತ್ತಾಗ ಆಗುವ ನೋವು, ಹೆಸರಿಲ್ಲದ ಸಾವಿರ ಸೈನಿಕರು ಬಿದ್ದರೂ ಆಗದು. ಆದರೆ ಆಟಗಾರರಲ್ಲಿಯೇ ಒಬ್ಬರಿಗೆ ಉಳಿದವರ ಮೇಲೆ ಅಧಿಕಾರವಿರುವ ಹುದ್ದೆ ಕೊಟ್ಟರೆ ಈ ಉಪಾಯ ಕೆಡುತ್ತದೆ, ಏಕೆಂದರೆ ಪಾತ್ರದ ಆಜ್ಞೆ ಬಹುಬೇಗ ಗೆಳೆಯರ ನಡುವಿನ ಆಜ್ಞೆಯಾಗಿಬಿಡುತ್ತದೆ. ಬಯಲಿನ ಮಹಾಯುದ್ಧದಲ್ಲಿಯೂ ಇದು ಸಾಲದು. ಅಲ್ಲಿ ತುಕಡಿಗೆ ಒಂದು ಸೇತುವೆಯನ್ನೋ ಕೋಟೆಯ ಬಾಗಿಲನ್ನೋ ಕಾಯುವ ಹೊಣೆಯನ್ನು ಪ್ರತ್ಯೇಕವಾಗಿ ವಹಿಸಬೇಕಾಗುತ್ತದೆ.