ಮುಡಿ ಕಟ್ಟಿ, ಮುಡಿ ಬಿಚ್ಚಿ

ಕಳೆದ ವರ್ಷ ಎಂಟನೇ ತರಗತಿಯಲ್ಲಿ ಸಮೀಕರಣ ಕಲಿಸುವಾಗ, ಸಂಖ್ಯೆಯನ್ನು ಸಮ ಚಿಹ್ನೆಯ ‘ಆಚೆ ಹಾಕಿದರೆ ಚಿಹ್ನೆ ಬದಲಾಗುತ್ತದೆ’ ಎಂಬ ಪಕ್ಷಾಂತರದ ಮಾತನ್ನು ನಾನು ಬಾಯಿಗೆ ತರಲಿಲ್ಲ, ಮಕ್ಕಳ ಬಾಯಿಗೂ ಬರಲು ಬಿಡಲಿಲ್ಲ. ಅಷ್ಟಕ್ಕೇ ಸ್ಟಾಫ್ ರೂಮಿನಲ್ಲಿ ಚರ್ಚೆ ಎದ್ದಿತು. “ಟೀಚರೇ, ಪಕ್ಷಾಂತರ ಹೇಳಿಕೊಡದೆ ಸಮೀಕರಣ ಬಿಡಿಸುವುದೆಂದರೆ ಕತ್ತಿ ಇಲ್ಲದೆ ಅಡಿಕೆ ಸುಲಿದ ಹಾಗೆ. ಓಣಂ ಪರೀಕ್ಷೆಗೆ ಮೊದಲು ಪಾಠ ಮುಗಿಯುವುದಿಲ್ಲ” ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಅವರ ಮಾತಿನ ಅರ್ಧ ನಿಜವಾಯಿತು. ಓಣಂ ಪರೀಕ್ಷೆಗೆ, ಅಂದರೆ ಕೇರಳದ ಶಾಲೆಗಳ ಮೊದಲ ಅವಧಿಯ ಪರೀಕ್ಷೆಗೆ, ಪಾಠ ಮುಗಿಯಲಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿನ ಕನ್ನಡ ಮಾಧ್ಯಮದ ಶಾಲೆ. ತರಗತಿಯಲ್ಲಿ ಮೂವತ್ತಾರು ಮಕ್ಕಳು. ಮನೆಮಾತು ತುಳು, ಹವ್ಯಕ, ಮಲಯಾಳ, ಕೊಂಕಣಿ ಹೀಗೆ ನಾಲ್ಕೈದು ಬಗೆ. ಜೂನ್ ಮೊದಲ ವಾರದಲ್ಲಿ ಹಲಗೆಯ ಮೇಲೆ 7 + 6 = □ + 4 ಎಂದು ಬರೆದೆ. 9 ಎಂದು ಬರೆದವರು ನಾಲ್ವರೋ ಐವರೋ. ಉಳಿದವರೆಲ್ಲ 13. ‘ಸಮ’ ಚಿಹ್ನೆ ಎಂದರೆ ‘ಇನ್ನು ಉತ್ತರ ಬರೆ’ ಎಂಬ ಅಪ್ಪಣೆ ಎಂದೇ ಅವರು ತಿಳಿದಿದ್ದರು. ಅವರಿಗೆ ಪಕ್ಷಾಂತರ ಕಲಿಸಿದರೆ ಏನಾಗುತ್ತದೆಂದು ಹಿಂದಿನ ಹತ್ತು ಹನ್ನೆರಡು ವರ್ಷ ನೋಡಿದ್ದೇನೆ. 3x + 5 = 20 ಕೊಟ್ಟರೆ 3x = 15ರವರೆಗೆ ಸರಿಯಾಗಿ ಬರುತ್ತಾರೆ. ಮುಂದಿನ ಸಾಲಿನಲ್ಲಿ x = 15 − 3 = 12. ಮೂರು ಆಚೆ ಹೋಯಿತು, ಚಿಹ್ನೆ ಬದಲಾಯಿತು. ನಾವು ಹೇಳಿದ್ದನ್ನೇ ಅವರು ಚಾಚೂ ತಪ್ಪದೆ ಮಾಡಿದ್ದಾರೆ. ಆ ಕೆಂಪು ಗೀಟು ಎಳೆಯುವಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಮೊದಲು ಹಿಡಿದದ್ದು ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿ ತಂದು ಹಳೆಯದನ್ನು ಮೂಲೆಗೆ ಹಾಕಿದ್ದ ಅಂಗಡಿಯವರಿಂದ ಎರಡು ತಕ್ಕಡಿ ಕೊಂಡೆ, ಒಂದಕ್ಕೆ ಸುಮಾರು 600 ರೂಪಾಯಿ. ಗೋಲಿಗಳಿಗೆ 700 ಆಗಿರಬೇಕು. ದರ್ಜಿಯಿಂದ ಅರುವತ್ತು ಬಟ್ಟೆಚೀಲ ಹೊಲಿಸಿದ್ದಕ್ಕೆ ಇನ್ನೊಂದು 300. ಎಲ್ಲ ಸೇರಿ ಎರಡು ಸಾವಿರ ದಾಟಿತು. ಶಾಲೆಯ ನಿಧಿಯಿಂದ ಏನೂ ಸಿಗಲಿಲ್ಲ.

ತಕ್ಕಡಿ ಕೈಕೊಟ್ಟಿತು. ಎರಡು ಚೀಲ ಮತ್ತು ಮೂರು ಗೋಲಿ ಒಂದು ಕಡೆ, ಹನ್ನೊಂದು ಗೋಲಿ ಇನ್ನೊಂದು ಕಡೆ. ಚೀಲವೆಂದರೆ x, ಅದರೊಳಗೆ ನಾಲ್ಕು ನಾಲ್ಕು ಗೋಲಿ. ಕಡ್ಡಿ ಎಡಕ್ಕೆ ವಾಲಿತು. ಚೀಲಕ್ಕೂ ತೂಕವಿದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಲಗಡೆಗೂ ಎರಡು ಖಾಲಿ ಚೀಲ ಇಟ್ಟೆ. ಇನ್ನೊಂದು ತಕ್ಕಡಿಯ ನಡುಗೀಲು ತುಕ್ಕು ಹಿಡಿದು, ಒಂದು ಕಡೆಯ ಚೀಲ ತೆಗೆದರೂ ಅಲುಗಾಡಲಿಲ್ಲ. “ಟೀಚರ್, ಒಂದೇ ಕಡೆಯಿಂದ ತೆಗೆದರೂ ಸಮವೇ ಇದೆಯಲ್ಲ” ಎಂದಳು ಮುಂದಿನ ಬೆಂಚಿನ ಹುಡುಗಿ. ಕಣ್ಣಾರೆ ಕಂಡದ್ದನ್ನು ಅವಳು ನಂಬಿದಳು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ಋಣ ಸಂಖ್ಯೆಯ ಪ್ರಶ್ನೆ ಬೇರೆ. ತಟ್ಟೆಯಲ್ಲಿ ಋಣ ಗೋಲಿ ಇಡುವುದು ಹೇಗೆ? ಪೇಟೆಯಿಂದ ನಾಲ್ಕು ಗ್ಯಾಸ್ ಬಲೂನು ತಂದು ತಟ್ಟೆಗೆ ಕಟ್ಟಿದೆ. ಮೇಲಕ್ಕೆ ಎಳೆಯುವುದು ಋಣ, ಕೆಳಕ್ಕೆ ಎಳೆಯುವುದು ಧನ. ಮಕ್ಕಳ ಕಣ್ಣು ಅರಳಿದ್ದು ನಿಜ. ಮರುದಿನಕ್ಕೆ ಬಲೂನುಗಳು ಸೊರಗಿದವು, 200 ರೂಪಾಯಿಯೂ ಹೋಯಿತು. ಆದರೂ ಇಪ್ಪತ್ತು ನಿಮಿಷದ ಆ ಆಟ ವ್ಯರ್ಥವಾಗಲಿಲ್ಲ ಎಂದೇ ನನ್ನ ನಂಬಿಕೆ.

ದಾರಿ ಸಿಕ್ಕಿದ್ದು ಒಬ್ಬ ಹುಡುಗನ ಅಜ್ಜನಿಂದ. ಅವರು ಈಗಲೂ ಅಕ್ಕಿ ಮುಡಿ, ಅಂದರೆ ಬೈಹುಲ್ಲಿನೊಳಗೆ ಅಕ್ಕಿ ತುಂಬಿ ಹಗ್ಗ ಸುತ್ತಿದ ಉರುಟು ಕಟ್ಟು, ಕಟ್ಟುತ್ತಾರೆ. ಗೃಹಪ್ರವೇಶದಲ್ಲಿ ಅಲಂಕಾರಕ್ಕೆ ಇಟ್ಟ ಮುಡಿಯನ್ನಷ್ಟೇ ನಮ್ಮ ಮಕ್ಕಳು ಕಂಡದ್ದು. ಅಜ್ಜ ಬೈಹುಲ್ಲು ತಂದು, ಐದು ಸೇರು ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತುತ್ತ, ಬಡಿದು ಉರುಟು ಮಾಡುತ್ತ ತರಗತಿಯಲ್ಲೇ ಒಂದು ಪುಟ್ಟ ಮುಡಿ ಕಟ್ಟಿದರು. ಒಬ್ಬ ಹುಡುಗ ಅದನ್ನು ಬಿಚ್ಚಲು ಹೋಗಿ ನಡುವಿನ ಹಗ್ಗಕ್ಕೆ ಕೈ ಹಾಕಿದ. “ಅಲ್ಲಿ ಎಳೆದರೆ ಬಿಗಿಯುತ್ತದೆ ಮಗೂ. ಕೊನೆಗೆ ಸುತ್ತಿದ್ದನ್ನು ಮೊದಲು ಬಿಚ್ಚಬೇಕು. ಕಟ್ಟಿದವನಿಗೆ ತುದಿ ಗೊತ್ತಿರುತ್ತದೆ” ಎಂದರು. ದುಡ್ಡು ಬೇಡವೆಂದರು. ಬಸ್ಸಿನ ಚಾರ್ಜು ಮಾತ್ರ ಒತ್ತಾಯಕ್ಕೆ ತೆಗೆದುಕೊಂಡರು.

ಮರುದಿನದಿಂದ ಸಮೀಕರಣ ಬಿಡಿಸುವುದನ್ನು ನಿಲ್ಲಿಸಿ, ಕಟ್ಟುವುದನ್ನು ಕಲಿಸಿದೆ. x = 4 ಎಂದು ಬರೆಯಿರಿ, ಇದು ಅಕ್ಕಿ. ಎರಡೂ ಕಡೆ ಮೂರರಿಂದ ಗುಣಿಸಿ: 3x = 12, ಇದು ಒಂದು ಸುತ್ತು. ಎರಡೂ ಕಡೆ ಐದು ಕೂಡಿಸಿ: 3x + 5 = 17, ಇದು ಎರಡನೇ ಸುತ್ತು. ಕೊನೆಯ ಸಾಲನ್ನಷ್ಟೇ ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಬೇಕು. ಅವರು ಬಿಚ್ಚಬೇಕು. ಪುಸ್ತಕದ ಬಲಬದಿಯಲ್ಲಿ ಗೀಟು ಎಳೆದು, ಪ್ರತಿ ಸಾಲಿಗೂ ‘ಎರಡೂ ಕಡೆ ಏನು ಮಾಡಿದೆ’ ಎಂದು ಬರೆಯಬೇಕು. ಹೀಗೆ ಕಟ್ಟಿದ ಮಗು 3x = 12 ಕಂಡಾಗ ಮೂರನ್ನು ಕಳೆಯುವುದಿಲ್ಲ. ಸುತ್ತಿದ್ದು ಗುಣಾಕಾರ ಎಂಬುದು ಅದರ ಕೈಗೆ ನೆನಪಿರುತ್ತದೆ. ಋಣದ ತೊಡಕೂ ಬಹುಪಾಲು ಇಲ್ಲೇ ಕರಗಿತು. −2ರಿಂದ ಗುಣಿಸಿ ಸುತ್ತಿದವರು −2ರಿಂದ ಭಾಗಿಸಿ ಬಿಚ್ಚಿದರು. ಯಾರ ಮುಡಿಯನ್ನು ಯಾರಿಗೆ ಕೊಡುವುದು ಎಂಬುದಕ್ಕೆ ನನ್ನದೊಂದು ಕ್ರಮವಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡೂ ಕಡೆ x ಬಂದಾಗ ಮುಡಿ ಸಾಲದು. 5x + 3 = 2x + 18ರಲ್ಲಿ ಬಿಚ್ಚುವ ತುದಿ ಎಲ್ಲಿದೆ? ಅಲ್ಲಿ ತಕ್ಕಡಿಗೆ ಮರಳಿದೆ, ಈ ಸಲ ಹಲಗೆಯ ಮೇಲೆ ಬರೆದ ಚಿತ್ರವಾಗಿ. ಎರಡೂ ತಟ್ಟೆಯಿಂದ ಎರಡೆರಡು ಚೀಲ ಅಳಿಸಿದರೆ 3x + 3 = 18. ಇನ್ನು ಮುಡಿ. ಕೊನೆಗೆ x = 5 ಇಟ್ಟು ಎರಡೂ ಕಡೆ 28 ಬರುತ್ತದೆಯೇ ಎಂದು ತಾಳೆ ನೋಡಲೇಬೇಕು. ತಾಳೆ ಬರೆಯದ ಲೆಕ್ಕಕ್ಕೆ ನನ್ನ ತರಗತಿಯಲ್ಲಿ ಅಂಕವಿಲ್ಲ.

ನಡುವೆ ಇನ್ನೊಂದು ಪ್ರಯೋಗ. x ಎಂದರೆ ಬೆಚ್ಚುವವರಿಗೆ ಮನೆಮಾತಿನ ‘ಎಷ್ಟು’ ಬರೆಯಲು ಹೇಳಿದೆ. ತುಳುವಿನವರು ‘ಏತ್’, ಮಲಯಾಳದವರು ‘ಎತ್ರ’ ಎಂದು ಬರೆದರು. ‘3 ಏತ್ + 5 = 20’ ಓದಿದ ಕೂಡಲೇ ಉತ್ತರ ಹೇಳಿದವರಿದ್ದಾರೆ. ಭಾಸ್ಕರಾಚಾರ್ಯರು ಅಜ್ಞಾತಕ್ಕೆ ‘ಯಾವತ್ತಾವತ್’ (ಎಷ್ಟೋ ಅಷ್ಟು) ಎಂದದ್ದೂ ಹೀಗೆಯೇ ಅಲ್ಲವೇ! ಎರಡು ವಾರದಲ್ಲಿ ಅವರೇ x ಗೆ ಮರಳಿದರು, ಬರೆಯಲು ಸುಲಭವೆಂದು. ಅಡಿಕೆ ಧಾರಣೆಯ ಲೆಕ್ಕಗಳು ಮಾತ್ರ ಕೂಡಿಬರಲಿಲ್ಲ. “ಹೊಸ ಅಡಿಕೆಯೋ ಹಳತೋ ಟೀಚರ್?” ಎಂದು ಕೇಳಿ, ನಾನು ಕೊಟ್ಟ ದರವೇ ತಪ್ಪೆಂದು ವಾದಿಸಿದರು. ಆ ಪೀರಿಯಡ್ ಹಾಗೇ ಮುಗಿಯಿತು.

ಓಣಂ ಪರೀಕ್ಷೆಯಲ್ಲಿ ನಮ್ಮ ತರಗತಿ ಪಕ್ಕದ ವಿಭಾಗಕ್ಕಿಂತ ಹಿಂದಿತ್ತು. ಇಬ್ಬರು ಹೆತ್ತವರು ಬಂದು, ಟ್ಯೂಷನ್‌ಗೆ ಕಳಿಸಬೇಕೇ ಎಂದು ಕೇಳಿದರು. ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ಎರಡೂ ಕಡೆ x ಇದ್ದ ಲೆಕ್ಕವನ್ನು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಮಕ್ಕಳು ತಾಳೆಸಹಿತ ಮಾಡಿದರು. ಮಾರ್ಚ್‌ನಲ್ಲಿ ಮೂವರನ್ನು ಬಿಟ್ಟು ಎಲ್ಲರೂ. ಇಷ್ಟು ಮಕ್ಕಳು ಮಾಡಿದ್ದನ್ನು ನನ್ನ ಸೇವೆಯಲ್ಲಿ ಹಿಂದೆಂದೂ ನೋಡಿರಲಿಲ್ಲ. ಆ ಹಿರಿಯ ಸಹೋದ್ಯೋಗಿ ಒಂದು ಸಂಜೆ ಎರಡು ಪುಸ್ತಕಗಳನ್ನು ಮನೆಗೆ ಒಯ್ದರು. ಈ ಜೂನ್‌ನಲ್ಲಿ ಅವರ ವಿಭಾಗದ ಮಕ್ಕಳ ಪುಸ್ತಕದ ಬಲಬದಿಯಲ್ಲೂ ಗೀಟು ಬಿದ್ದಿದೆ.

ಅದೇ ಮಕ್ಕಳು ಈಗ ಒಂಬತ್ತನೆಯಲ್ಲಿ, ಎರಡು ಅಜ್ಞಾತಗಳಿರುವ ಸಮೀಕರಣ ಜೋಡಿಗೆ ಬಂದಿದ್ದಾರೆ. ಚೀಲಗಳಲ್ಲಿ ಅರ್ಧಕ್ಕೆ ಕಪ್ಪು, ಅರ್ಧಕ್ಕೆ ನೀಲಿ ಬಣ್ಣ ಹಾಕಿಸಿದ್ದೇನೆ. ಎರಡು ಸಮೀಕರಣ ಕೂಡಿಸುವುದು ಕೈಗೆ ಹತ್ತಿದೆ. ಕಳೆಯುವಾಗ ನೀಲಿ ಚೀಲದ ಚಿಹ್ನೆಯಲ್ಲಿ ಇನ್ನೂ ಎಡವುತ್ತಾರೆ. ತಕ್ಕಡಿಯ ತುಕ್ಕು ಉಜ್ಜಿಸಿ, ಕೀಲಿಗೆ ಎಣ್ಣೆ ಬಿಡಿಸಿ ಇಟ್ಟಿದ್ದೇನೆ.