ರದ್ದಾದ ಬೆರಳಚ್ಚಿನ ದಿನ ಮತ್ತೆ ಸಿಕ್ಕಿದ್ದು ಹೀಗೆ

2020ರ ಮಾರ್ಚ್ 18ಕ್ಕೆ ಅಮೆರಿಕದ ವಲಸೆ ಕಚೇರಿಗಳು ಕೋವಿಡ್‌ನಿಂದ ಬಾಗಿಲು ಹಾಕಿದವು. ನನ್ನ ಹೆಂಡತಿಯ ಎಚ್-4 (ಅಲ್ಲಿ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಸಂಗಾತಿಗೆ ಸಿಗುವ ವೀಸಾ) ವಿಸ್ತರಣೆಗೆ ಬೆರಳ ಗುರುತು ಕೊಡುವ ಅಪಾಯಿಂಟ್‌ಮೆಂಟೂ ರದ್ದಾಯಿತು. ಹೊಸ ದಿನಾಂಕ ತಾನಾಗಿಯೇ ಅಂಚೆಯಲ್ಲಿ ಬರಬೇಕಿತ್ತು. ಜೂನ್ 4ರಿಂದ ಕಚೇರಿಗಳು ಒಂದೊಂದಾಗಿ ತೆರೆದವು, ಬೆರಳಚ್ಚು ಕೇಂದ್ರಗಳು ಇನ್ನೂ ತಡವಾಗಿ. ಗೆಳೆಯರಿಗೆಲ್ಲ ಪತ್ರ ಬಂತು, ನಮಗೆ ಮಾತ್ರ ಇಲ್ಲ. ಅವಳ ಕೆಲಸದ ಪರವಾನಗಿ ಮುಗಿಯುತ್ತಾ ಬಂದಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಸುಮ್ನೆ ಕಾಯುವ ಬದಲು ಕಾಗದಗಳನ್ನು ತೆಗೆದು ನೋಡಿದೆ. ಏಪ್ರಿಲ್‌ನಲ್ಲಿ ಮನೆ ಬದಲಿಸಿದಾಗ ವಿಳಾಸ ಬದಲಾವಣೆ ತಿಳಿಸುವ ಎಆರ್-11 ಅರ್ಜಿ ತುಂಬಿದ್ದೆ. ಆದರೆ ಬಾಕಿ ಅರ್ಜಿಯ ರಶೀದಿ ಸಂಖ್ಯೆ ಹಾಕಿರಲಿಲ್ಲ! ಪತ್ರ ಹಳೆ ಮನೆಗೇ ಹೋಗುತ್ತದೆ, ಅಲ್ವಾ? ಸಂಖ್ಯೆ ಸೇರಿಸಿ ಮತ್ತೆ ಸಲ್ಲಿಸಿದೆ, ಸಹಾಯವಾಣಿಗೂ ಫೋನ್ ಮಾಡಿದೆ. ಮೂರು ವಾರದಲ್ಲಿ ಪತ್ರ ಬಂತು. ಮಾಸ್ಕ್, ಸ್ವಂತ ಪೆನ್ನು ಒಯ್ದೆವು. ಕೊಟ್ಟ ಸಮಯಕ್ಕೆ 15 ನಿಮಿಷಕ್ಕಿಂತ ಹೆಚ್ಚು ಮುಂಚೆ ಹೋದರೆ ಒಳಗೆ ಬಿಡುತ್ತಿರಲಿಲ್ಲ.